ಎಳೀಬ್ಯಾಡ ಅಂದ ಮಾತು

ಶಲವಡಿಯಲ್ಲಿ ಕರಿಸಿದ್ದಪ್ಪ ಎಂಬ ಹೆಸರಿನವರು ಮೂವರು. ಗುರುತಿಗೆ ಬೇಕೆಂದು ಊರು ಒಬ್ಬನನ್ನು ಸಾಲಿ ಸಿದ್ದಪ್ಪ ಎಂದಿತು, ಅವನ ಮನೆ ಶಾಲೆಯ ಹಿಂದಿತ್ತು. ಇನ್ನೊಬ್ಬ ಬಡಿಗೇರ ಸಿದ್ದಪ್ಪ. ನಾನು ಹೇಳಹೊರಟವನು ಗಾಡಿ ಸಿದ್ದಪ್ಪ. ಇಪ್ಪತ್ತು ವರ್ಷ ಅವನನ್ನು ಯಾರೂ ಬೇರೆ ಹೆಸರಿನಿಂದ ಕರೆದದ್ದು ನನಗೆ ಗೊತ್ತಿಲ್ಲ. ಆಮೇಲೆ ಅವನ ಎಡಗಾಲು ಹೋಯಿತು. ಆರು ತಿಂಗಳಾಗುವುದರೊಳಗೆ ಅದೇ ಊರು, ಅದೇ ಜನ ಅವನನ್ನು ಕುಂಟ ಸಿದ್ದಪ್ಪ ಎನ್ನತೊಡಗಿದರು. ಕೆಟ್ಟ ಮನಸ್ಸಿನಿಂದಲ್ಲ. ಗುರುತಿಗೆ ಬೇಕಲ್ಲ.

ನನ್ನ ಚಹಾದಂಗಡಿ ಅಣ್ಣಿಗೇರಿಯಲ್ಲಿ, ಸಿರಾಜುದ್ದೀನ ಉಸ್ತಾದನ ಗ್ಯಾರೇಜಿಗೆ ಹತ್ತಿಕೊಂಡೇ ಇದೆ. ನಡುವೆ ಒಂದು ತಗಡು, ಅಷ್ಟೆ. ಮೂವತ್ತೈದು ವರ್ಷ ಒಲೆಯ ಮುಂದೆ ಕುಳಿತು ಆ ತಗಡಿನಾಚೆಯ ಮಾತು, ಬಡಿತ, ಇಂಜಿನ್ನಿನ ಸದ್ದು ಕೇಳಿದ್ದೇನೆ. ಸಿದ್ದಪ್ಪನನ್ನು ನಾನು ಮೊದಲು ತಿಳಿದದ್ದೂ ಕಿವಿಯಿಂದಲೇ. ಬೇರೆಯವರ ಗಾಡಿ ಮೂಲೆ ತಿರುಗಿ ಏರು ಹತ್ತುವಾಗ ಗೇರ್ ಬದಲಿಸಿದ್ದು ಕರ್ ಎಂದು ಕೇಳುತ್ತದೆ. ಇವನ ಪಿಕಪ್ ಬಂದರೆ ಇಂಜಿನ್ನಿನ ದನಿಯಷ್ಟೇ ಇಳಿಯುತ್ತಿತ್ತು, ಗೇರು ಬದಲಾದದ್ದು ಕೇಳುತ್ತಿರಲಿಲ್ಲ. "ಇವನ ಕ್ಲಚ್ ಪ್ಲೇಟು ಹನ್ನೊಂದ ವರ್ಷ ಬಂತು ನೋಡ ಅಕ್ಕಾ. ಇಂಥಾ ಗಿರಾಕಿ ಇದ್ರ ನಾ ಉಪಾಸ ಸಾಯಬೇಕು" ಎಂದು ಉಸ್ತಾದ ನಗುತ್ತಿದ್ದ.

ಹದಿಮೂರನೆಯ ವಯಸ್ಸಿಗೆ ಸಿದ್ದಪ್ಪ ಲಾರಿಯಲ್ಲಿ ಕ್ಲೀನರಾಗಿ ಹೋಗಿದ್ದ. ಆ ಲಾರಿಯ ಡ್ರೈವರ್ ಗೇರ್ ತಪ್ಪಿದರೆ ಕಾಲಿನ ಜೋಡು ತೆಗೆದು ಎಸೆಯುತ್ತಿದ್ದನಂತೆ. ಹಾಗೆ ಕಲಿತ ವಿದ್ಯೆ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಡೀಸೆಲ್ ಪಿಕಪ್ ಒಂದನ್ನು ತಂದ. ಬಿಳಿ ಇದ್ದದ್ದು ನಮ್ಮ ಎರೆಮಣ್ಣಿನ ಧೂಳು ಕುಡಿದು ಕುಡಿದು ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿತ್ತು. ಹಿಂದಿನ ಫಳಿಯ ಮೇಲೆ 'ಸಾವಕಾಶ ಬರ್ರಿ' ಎಂದು ಬರೆಸಿದ್ದ. ಹೆಸರು ಬೆಳೆ ಬಂದಾಗ ಹೆಸರಿನ ಚೀಲ, ಸುಗ್ಗಿಯಲ್ಲಿ ಕಡಲೆ, ಮೆಣಸಿನಕಾಯಿ, ಮದುವೆಯ ಪಾತ್ರೆ, ಸಂತೆಗೆ ಹೊರಟ ಮುದುಕಿಯರು, ಎಲ್ಲ ಅದರಲ್ಲೇ. ಮಳೆಗಾಲದಲ್ಲಿ ಹೊಲದ ಹಾದಿ ಜಾರಿ ಬೇರೆ ಯಾರೂ ಬರುವುದಿಲ್ಲ ಎಂದಾಗ ಹೆರಿಗೆ ನೋವಿನ ಹೆಂಗಸರನ್ನು ಒಯ್ದದ್ದೂ ಅವನೇ. ಹಾಗೆ ಹುಟ್ಟಿದ ಎರಡು ಮಕ್ಕಳಿಗೆ ಸಿದ್ದಪ್ಪ ಎಂದೇ ಹೆಸರಿಟ್ಟರು.

ಡ್ರೈವರರ ಬಾಯಲ್ಲಿ ಗಾಡಿ ಎಳೆಯುವುದು ಎಂದರೆ ಜೋರಾಗಿ ಓಡಿಸುವುದು. "ಹುಬ್ಬಳ್ಳಿತನಕಾ ಎಳದ್ನಿ ನೋಡಪಾ" ಎಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಹರೆಯದವರು ಎದೆ ತಟ್ಟಿಕೊಳ್ಳುತ್ತಿದ್ದರು. ಸಿದ್ದಪ್ಪ ಬಸಿಯಿಂದ ಬಾಯಿ ತೆಗೆಯದೆ, "ಎಳ್ಯಾಕ ಅದೇನ ಎಮ್ಮಿ ಏನಲೇ?" ಎನ್ನುತ್ತಿದ್ದ. ಈ ಮಾತನ್ನು ನೆನಪಿಡಬೇಕು, ಮುಂದೆ ಬರುತ್ತದೆ.

ಕಾಲು ಹೋದದ್ದು ಒಂದು ಜಾಲಿಮುಳ್ಳಿನಿಂದ. ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಮುಳ್ಳು ಚುಚ್ಚಿದ್ದೂ ಗೊತ್ತಾಗಲಿಲ್ಲ. ಹೆಂಡತಿ ಮಲ್ಲಮ್ಮ ಹೇಳಿದ್ದು, ವಾಸನೆ ಬಂದಾಗಲೇ ಅಂಗಾಲು ನೋಡಿದ್ದು ಎಂದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಳಕಾಲಿನ ಕೆಳಗೆ ತೆಗೆದರು. ನಾನು ನೋಡಲು ಹೋಗಿದ್ದೆ. ಮಂಚದ ಮೇಲೆ ಮಲಗಿದ್ದ. ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಗೇರ್ ಬದಲಿಸಿದರೆ, ಚಾದರದ ಕೆಳಗೆ ಆ ಮೊಂಡುಕಾಲು ತಾನಾಗಿ ಕೆಳಗೆ ಒತ್ತುತ್ತಿತ್ತು.

"ನೋಡಬೇ ಯವ್ವಾ, ಕ್ಲಚ್ ಹಿಡ್ಯಾಕತ್ತೈತಿ. ಕಾಲ ಹೋದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ" ಎಂದ. ಮಲ್ಲಮ್ಮ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು.

ಪ್ಲಾಸ್ಟಿಕ್ ಕಾಲು ಹಾಕಿಸಿಕೊಂಡ. ನಡೆಯಲು ಅದು ಸಾಕು. ಆದರೆ ಕ್ಲಚ್ ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಎಂದು ಅಂಗಾಲಿಗೆ ತಿಳಿಯಬೇಕು. "ಇದು ಮೂಕ ಐತಿ" ಎಂದು ಆ ಕಾಲನ್ನು ಬಡಿದು ತೋರಿಸಿದ. ಉಸ್ತಾದ ತಂತಿ ಕಟ್ಟಿ ಕೈಯಿಂದ ಕ್ಲಚ್ ಹಿಡಿಯುವ ಹಾಗೆ ಮಾಡಿಕೊಟ್ಟ. ಹಳೆಯ ಗಾಡಿಯ ಬಿರುಸಿಗೆ ತಂತಿ ಮೂರು ಸಲ ಹರಿಯಿತು, ನಾಲ್ಕನೆಯ ಸಲ ಗಾಡಿ ಸಂತೆಯಲ್ಲಿ ಕುಂಬಾರರ ಮಡಕೆಗಳ ಮುಂದೆ ಒಂದು ಮೊಳ ದೂರದಲ್ಲಿ ನಿಂತಿತು. ಅವತ್ತೇ ಆ ತಂತಿ ಬಿಚ್ಚಿಸಿದ. ಬೇರೆ ಡ್ರೈವರನನ್ನು ಇಟ್ಟು ನೋಡಿದ, ಅವನು ಎಂಟು ದಿನದಲ್ಲಿ ಗಾಡಿಯ ಅಡಿಯ ಸ್ಪ್ರಿಂಗ್ ಪಾಟಾ ಮುರಿದುಕೊಂಡು ಬಂದ. ಪಿಕಪ್ ಮನೆಯ ಮುಂದೆ ನಿಂತಿತು. ಸಿದ್ದಪ್ಪ ಅದರೊಳಗೆ ಹತ್ತಿ ಚಕ್ರ ಹಿಡಿದು ಕೂರುತ್ತಿದ್ದನಂತೆ, ಇಂಜಿನ್ ಚಾಲೂ ಮಾಡದೆ. "ನೊಣಾ ಹೊಡಕೋತ ಕುಂತಿರ್ತಾರ್ರಿ. ಮಂದಿ ನೋಡಿ ನಗ್ತಾರ್ರಿ" ಎಂದು ಮಲ್ಲಮ್ಮ ನನ್ನ ಮುಂದೆ ಅತ್ತಳು.

ಒಂದು ದಿನ ಉಸ್ತಾದ ಅವನಿಗೆ ಹೇಳಿದ್ದು ತಗಡಿನಾಚೆಯಿಂದ ಕೇಳಿಸಿತು. ಉಸ್ತಾದನಿಗೆ ಅರವತ್ತು ದಾಟಿತ್ತು. ಜೀವಮಾನವೆಲ್ಲ ಕಬ್ಬಿಣ ಬಡಿದು ಕಿವಿ ಮಂದವಾಗಿ, ಮಾತು ಓಣಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಕ್ಲಚ್ಚ ಇಲ್ಲದ ಗೇರ್ ಬಾಕ್ಸ ಇರ್ತಾವಲೇ. ತಾನ ಬದಲಾಗ್ತಾವ. ಬಲಗಾಲ ಒಂದ ಇದ್ರ ಸಾಕು."

"ಅವು ಸಾವ್ಕಾರ್ರ ಕಾರಿನಾಗ ಇರ್ತಾವ. ನನ್ನ ಮುದಿ ಗಾಡಿಗೆಲ್ಲಿ ಹೊಂದತಾವ?"

"ಹೊಂದೂದಿಲ್ಲ. ಹೊಂದಸೂಣು!"

ಹುಬ್ಬಳ್ಳಿಯ ಗುಜರಿಯಲ್ಲಿ ಒಂದು ಸಿಕ್ಕಿತು. ಯಾವುದೋ ದೊಡ್ಡ ಫಾರಿನ್ ಕಾರು ಗುದ್ದಿಕೊಂಡು ಹಾಳಾಗಿತ್ತು, ಅದರ ಹೊಟ್ಟೆಯಿಂದ ಬಿಚ್ಚಿದ್ದು. ತಂದು ಇಳಿಸಿದಾಗ ನೋಡಿದೆ, ಮುಂಭಾಗ ನೀರಿನ ಕೊಡದ ಹಾಗೆ ಉಬ್ಬಿತ್ತು, ಒಳಗೆಲ್ಲ ಎಣ್ಣೆ. ಎಣ್ಣೆಯೇ ಅದಕ್ಕೆ ಕ್ಲಚ್ಚು ಎಂದು ಉಸ್ತಾದ ತಿಳಿಸಿ ಹೇಳಿದ. ಇಂಜಿನ್ ತಿರುಗಿದರೆ ಒಳಗಿನ ಪಂಪು ಎಣ್ಣೆ ಎತ್ತುತ್ತದೆ, ಎಣ್ಣೆ ಹರಿದರೆ ಅದು ಬದುಕಿದೆ.

ಯಾವುದೂ ಕೂಡಲಿಲ್ಲ. ಬೋಲ್ಟಿನ ತೂತು ಒಂದಕ್ಕೊಂದು ಸೇರಲಿಲ್ಲ, ನಡುವೆ ಹಾಕಲು ದಪ್ಪ ಪ್ಲೇಟನ್ನು ಲೇಥಿನಲ್ಲಿ ಎರಡು ಸಲ ಕೊರೆಸಿದರು. ಗೇರ್ ಬಾಕ್ಸ್ ಮೊದಲಿನದಕ್ಕಿಂತ ಗೇಣುದ್ದ ಹೆಚ್ಚಿತ್ತು, ಹಿಂದಿನ ಗಾಲಿಗೆ ಹೋಗುವ ದಂಡ ಕತ್ತರಿಸಿದರು. ಕೂಡಿಸಿ ಚಾಲೂ ಮಾಡಿದರೆ ಇನ್ನೊಂದು ತೊಂದರೆ. ಅದು ಪೆಟ್ರೋಲ್ ಗಾಡಿಯದು, ಇಂಜಿನ್ ಚೀರುವಷ್ಟು ಜೋರಾದ ಮೇಲೆಯೇ ಗೇರ್ ಬದಲಿಸುವ ರೂಢಿ ಅದಕ್ಕೆ. ನಮ್ಮ ಡೀಸೆಲ್ ಇಂಜಿನ್ ಅಷ್ಟು ಚೀರಲಾರದು. ಎರಡನೆಯ ಗೇರಿನಲ್ಲಿ ಸಿಕ್ಕಿಕೊಂಡು ಅಳುತ್ತಿತ್ತು. ಉಸ್ತಾದ ಒಳಗಿನ ಸ್ಪ್ರಿಂಗ್ ಬದಲಿಸುತ್ತ, ತಂತಿ ಸಡಿಲಿಸುತ್ತ ಐದು ತಿಂಗಳು ಕಳೆದ. ಗೇರ್ ಬದಲಾಯಿತೋ ಇಲ್ಲವೋ ಅವನ ಕಿವಿಗೆ ತಿಳಿಯದು.

"ಅಕ್ಕಾ! ಈಗ ಬದಲಾತೇನು?"

"ಇಲ್ಲೋ. ಇನ್ನೂ ಅಳ್ತೈತಿ."

"ಈಗ?"

"ಈಗ ಆತು. ಆದ್ರ ಜಾಡಿಸಿ ಒದ್ದಂಗ ಆತು."

ಚಹಾ ಸೋಸುತ್ತಲೇ ಕೂಗಿ ಹೇಳುತ್ತಿದ್ದೆ. ಕೊನೆಗೊಂದು ದಿನ ಹಾಲು ಕಾಯುವಾಗ ದನಿ ಬದಲಾಗುವ ಹಾಗೆ ಮೆತ್ತಗೆ ಬದಲಾಯಿತು. ನಾನು ಕೂಗಲಿಲ್ಲ, ಎದ್ದು ಹೋಗಿ ಉಸ್ತಾದನ ಬೆನ್ನು ತಟ್ಟಿದೆ.

ಗೇರಿನ ಹಿಡಿಯ ಹತ್ತಿರ ಇಂಗ್ಲಿಷ್ ಅಕ್ಷರಗಳಿದ್ದವು. ಸಿದ್ದಪ್ಪನಿಗೆ ಅವು ಬಾರವು ಎಂದು ಉಸ್ತಾದ ಬಣ್ಣದಿಂದ ಕನ್ನಡದಲ್ಲಿ ಬರೆದ. ನಿಲ್ಲು ಎಂಬುದಕ್ಕೆ 'ನಿ', ಹಿಂದಕ್ಕೆ 'ಹಿಂ', ಓಡು ಎಂಬುದಕ್ಕೆ 'ಓ'. ಯಾವ ಗೇರಿನಲ್ಲೂ ಇಲ್ಲದೆ ಗಾಲಿ ಬಿಡುವಾಗಿರುವುದಕ್ಕೆ 'ಸು'. ಸು ಎಂದರೆ ಸುಮ್ಮನೆ. ಹಳೆಯ ಕ್ಲಚ್ ಪೆಡಲ್ಲನ್ನು ಬಿಚ್ಚಿ ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುಹಾಕಿದ. ಹೀಗೆ ಗಾಡಿ ಬದಲಿಸಲು ಕಾಯದೆ ಒಪ್ಪುತ್ತದೆಯೇ ಎಂಬ ಮಾತು ಬಂದಾಗ ಮಾತ್ರ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

ಗಾಡಿ ಒಯ್ಯುವ ದಿನ ಮಲ್ಲಮ್ಮ ಕಾಯಿ ಒಡೆದು, ಗಾಲಿಗೆ ಲಿಂಬೆಹಣ್ಣು ಇಟ್ಟಳು. ಬಾಜೂ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುತ್ತಿದ್ದರು, ಸದ್ದೋ ಸದ್ದು. ಉಸ್ತಾದ ಕಿಡಕಿಯ ಮೇಲೆ ಕೈಯಿಟ್ಟು ಕೂಗಿ ಹೇಳಿದ.

"ಸಿದ್ದಪ್ಪಾ, ಕಿವಿ ಕೊಟ್ಟ ಕೇಳು. ಎಣ್ಣಿ ವಾರಕ್ಕೊಮ್ಮೆ ನೋಡು. ಧಕ್ಕಾ ಕೊಟ್ರ ಇದು ಚಾಲೂ ಆಗಾಂಗಿಲ್ಲ, ಮಂದೀನ್ನ ಕಾಡಬ್ಯಾಡ. ಮತ್ತ ಗಾಡಿ ಎಳೀಬ್ಯಾಡ. ಏನರ ಆಗ್ಲಿ, ಎಳೀಬ್ಯಾಡ!"

"ನಾ ಯಾವಾಗ ಎಳದೇನೋ ಉಸ್ತಾದ? ಅದೇನ ಎಮ್ಮಿ ಏನು? ನಲವತ್ತರ ಮ್ಯಾಲ ಸ್ಪೀಡಿನ ಮುಳ್ಳ ಹೋತಂದ್ರ ನನ್ನ ಹೆಸರ ಬದಲ ಮಾಡು."

ಉಸ್ತಾದನಿಗೆ ಅವನು ತಲೆ ಆಡಿಸಿದ್ದು ಕಂಡಿತು, ಮಾತು ಕೇಳಲಿಲ್ಲ. "ಹಾಂ, ಬಸ್" ಎಂದು ಕಿಡಕಿ ಬಿಟ್ಟ. ಒಬ್ಬ ಹೇಳಿದ್ದನ್ನೂ ಇನ್ನೊಬ್ಬ ತಿಳಿದದ್ದನ್ನೂ ಎರಡೂ ಕೇಳಿದವಳು ನಾನೊಬ್ಬಳೇ. ಕೇಳಿ ನಕ್ಕೆ. ಎಮ್ಮೆಯ ಮಾತಿಗೆ ನಕ್ಕೆ.

ಇಪ್ಪತ್ತೆರಡು ದಿನ ಅವನು ಗಾಡಿ ಓಡಿಸಿದ. ಮೊದಲ ವಾರ ಗೇರ್ ಬದಲಾದಾಗಲೆಲ್ಲ ಮೊಂಡುಕಾಲು ತಾನೂ ಒತ್ತಲು ಹೋಗುತ್ತಿತ್ತು, "ಸುಮ್ನ ಕುಂದ್ರ, ನಿಂದೇನ ಕೆಲಸಿಲ್ಲ" ಎಂದು ಅದಕ್ಕೆ ಹೇಳುತ್ತಿದ್ದೆ ಎಂದ. ಉಳ್ಳಾಗಡ್ಡಿ ಹೇರಿದ, ಹೆಸರು ಹೇರಿದ. ಮಲ್ಲಮ್ಮನನ್ನು ಬಾಜೂ ಕೂಡಿಸಿಕೊಂಡು ಮಗಳ ಊರಿಗೆ ಹೋಗಿ ಬಂದ. ನಮ್ಮಂಗಡಿಯ ಮುಂದೆ ಬೇಕೆಂದೇ ನಿಲ್ಲಿಸಿ, ಎರಡೂ ಕೈ ಎತ್ತಿ ತೋರಿಸಿ, ಮತ್ತೆ ಹೊರಡುತ್ತಿದ್ದ. ಒಂದು ದಿನ ಚಹಾ ಕುಡಿಯಲು ಬಂದ ಶಲವಡಿಯ ಮುದುಕನೊಬ್ಬ ತನ್ನ ಜೊತೆಯವನಿಗೆ "ಅಂವಾ ನಮ್ಮ ಗಾಡಿ ಸಿದ್ದಪ್ಪ" ಎಂದ. ಸಿದ್ದಪ್ಪ ಬೆಂಚಿನ ಈ ತುದಿಯಲ್ಲಿ ಕುಳಿತಿದ್ದ. ಬಸಿ ಕೆಳಗಿಟ್ಟು ರಸ್ತೆಯ ಕಡೆ ನೋಡುತ್ತ ಕುಳಿತ, ಚಹಾ ಆರುವ ತನಕ ಮುಟ್ಟಲಿಲ್ಲ.

ಇಪ್ಪತ್ಮೂರನೆಯ ದಿನ ಶುಕ್ರವಾರ. ಉಸ್ತಾದ ಬಾಗಿಲು ಎಳೆದುಕೊಂಡು ನಮಾಜಿಗೆ ಹೋಗಿದ್ದ. ಒಳಗೆ ಅವನ ಫೋನು ಹೊಡೆದುಕೊಳ್ಳುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸಿದ್ದಪ್ಪನ ಫೋನು ನನಗೇ ಬಂತು.

"ಯವ್ವಾ, ಉಸ್ತಾದ ಫೋನ್ ಎತ್ತವಲ್ಲ."

"ನಮಾಜಿಗೆ ಹೋಗ್ಯಾನಪ್ಪ. ಯಾಕ?"

"ತಿರ್ಲಾಪುರದ ಹಾದ್ಯಾಗ ಗಾಡಿ ಸುಮ್ನ ನಿಂತಬಿಟ್ಟೈತಿ. ಸೆಲ್ಫ್ ಹೊಡದ್ರ ಟಕ್ ಅನ್ನವಲ್ದು. ನಮ್ಮ ಗೌರೀಶ ಟ್ರ್ಯಾಕ್ಟರ್ ತಂದಾನ, ಕಟಗೊಂಡ ಬರ್ತೇವಿ ಅಂತ ಉಸ್ತಾದಗ ಹೇಳು."

"ಗೇರ್ ಎದರಾಗ ಐತೋ?"

"'ಸು'ದಾಗ ಇಟ್ಟೇನಿ. ಗಾಲಿ ಬಿಡಬೀಸಿ ಅದಾವ."

"ಹಂಗಾರ ಬಾರಪಾ. ಸಾವಕಾಶ ಬಾ" ಎಂದೆ.

ಕಟ್ಟಿಕೊಂಡು ಬರುತ್ತೇವೆ ಎಂದ. ಎಳೆದುಕೊಂಡು ಎನ್ನಲಿಲ್ಲ. ನಮ್ಮಲ್ಲಿ ಕೆಟ್ಟು ನಿಂತ ಗಾಡಿಗೆ ಕಟ್ಟಿಕೊಂಡು ಬರುವುದು ಎಂದೇ ಅನ್ನುವುದು. ಎಳೆಯುವ ಮಾತೊಂದು ಅವನ ಬಾಯಿಂದ ಬಂದಿದ್ದರೆ ನನ್ನ ಕಿವಿ ಹಿಡಿದುಕೊಳ್ಳುತ್ತಿತ್ತೇನೋ.

ಉಸ್ತಾದ ಬಂದಾಗ ಹೇಳಿದೆ. ಕೇಳಲಿಲ್ಲ. ಮತ್ತೆ ಕೂಗಿ ಹೇಳಿದೆ.

"ಏನು? ಕಟಗೊಂಡ? ಟ್ರ್ಯಾಕ್ಟರಿಗೆ?" ಅವನು ಬಾಗಿಲು ನೂಕಿ ತಿರುಗಿದ. "ಅಕ್ಕಾ, ಎಷ್ಟ ಹೊತ್ತಾತು?"

ಒಳಗೆ ಓಡಿ ಫೋನು ಹಚ್ಚಿದ, ಹಚ್ಚಿದ, ಹಚ್ಚಿದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ತಲೆಯ ಟೊಪ್ಪಿಗೆಯನ್ನೂ ತೆಗೆಯದೆ ಬೈಕು ಹತ್ತಿ ಹೋದ. ಊರ ಹೊರಗಿನ ಸೇತುವೆಯ ಹತ್ತಿರ ಅವರನ್ನು ಎದುರುಗೊಂಡನಂತೆ. ಅಷ್ಟೊತ್ತಿಗೆ ಬರುವ ಹಾದಿಯೆಲ್ಲ ಮುಗಿದಿತ್ತು, ಇನ್ನು ನಿಲ್ಲಿಸಿ ಉಪಯೋಗವಿಲ್ಲವೆಂದು ಬೈಕು ತಿರುಗಿಸಿ ಅವರ ಹಿಂದೆಯೇ ಬಂದ.

ಮೂರು ಗಂಟೆಯ ಸುಮಾರಿಗೆ ಬಂದರು. ನನಗೆ ಮೊದಲು ಬಂದದ್ದು ವಾಸನೆ. ಒಗ್ಗರಣೆ ಸೀದು ಅದರ ಮೇಲೆ ಕೂದಲು ಸುಟ್ಟ ಹಾಗೆ. ಗೌರೀಶ, ಸಿದ್ದಪ್ಪನ ಅಣ್ಣನ ಮಗ, ಟ್ರ್ಯಾಕ್ಟರಿನಿಂದ ಇಳಿದು ಸರಪಳಿ ಬಿಚ್ಚುತ್ತ, "ಕಾಕಾ, ನೋಡ್ರಿ ಹೂವಿನಂಗ ತಂದೇನಿ" ಎಂದು ನಗುತ್ತಿದ್ದ. ಉಸ್ತಾದ ಬಾನೆಟ್ ಎತ್ತಿದ. ಬ್ಯಾಟರಿಯ ಮೇಲೆ ಸಡಿಲಾಗಿದ್ದ ವೈರನ್ನು ಹೆಬ್ಬೆರಳಿನಿಂದ ಒತ್ತಿದ. "ಹೊಡಿ" ಎಂದ. ಇಂಜಿನ್ ಒಂದೇ ಏಟಿಗೆ ಎದ್ದಿತು.

"ಅಯ್ಯ ಇದರ! ಬರೇ ವೈರೇನಲೇ?" ಸಿದ್ದಪ್ಪ ಹೊಟ್ಟೆ ತುಂಬ ನಕ್ಕ. ಗೌರೀಶನೂ ನಕ್ಕ. ನಾನೂ ಒಲೆಯ ಮುಂದಿನಿಂದ ನಕ್ಕೆ. ಸಿದ್ದಪ್ಪ ಹಿಡಿಯನ್ನು 'ಓ'ಗೆ ತಂದು ಬಲಗಾಲು ಒತ್ತಿದ. ಇಂಜಿನ್ ಜೋರಾಯಿತು. ಗಾಡಿ ಮಿಸುಕಲಿಲ್ಲ. ಇನ್ನೂ ಒತ್ತಿದ. ಕೆಳಗಿನಿಂದ, ಬೀಸುಕಲ್ಲಿನಲ್ಲಿ ಹರಳು ಸಿಕ್ಕಂಥ ಸದ್ದು ಬಂತು. ಆ ಸದ್ದು ಉಸ್ತಾದನಿಗೂ ಕೇಳಿತು.

"ಎಳೀಬ್ಯಾಡ ಅಂದಿದ್ನೆಲ್ಲಲೇ! ಬಾಯಿ ಬಡಕೊಂಡ ಹೇಳಿದ್ನೆಲ್ಲೋ!"

"ನಾ ಎಲ್ಲಿ ಎಳದ್ನೋ ಮಾರಾಯಾ? ಇಪ್ಪತ್ತೆರಡ ದಿನಾ ಮೂವತ್ತಕ್ಕ ಹೊಂಟೇನಿ. ಬೇಕಾದ್ರ ಮಲ್ಲವ್ವನ್ನ ಕೇಳು."

"ಈಗ ಎಳಕೊಂಡ ಬಂದೀಯಲ್ಲ! ಟ್ರ್ಯಾಕ್ಟರಿಗೆ ಹಾಕ್ಕೊಂಡ! ಇಂಜಿನ್ ಬಂದ್ ಇದ್ರ ಪಂಪ್ ಬಂದ್. ಪಂಪ್ ಬಂದ್ ಅಂದ್ರ ಎಣ್ಣಿ ಇಲ್ಲ. ಗಾಲಿ ತಿರಗಿದಂಗ ಒಳಗೆಲ್ಲಾ ಒಣಾ ಒಣಾ ತಿರಗತೈತಿ!"

"'ಸು'ದಾಗ ಇಟ್ಟಿದ್ನೆಲ್ಲ ಉಸ್ತಾದ... ಸುಮ್ನ ಇತ್ತಲ್ಲ..."

"ಸುಮ್ನ ಎಲ್ಲಿತ್ತೋ? ಒಳಗ ಸುಡಾಕತ್ತಿತ್ತು!"

ಯಾವ ಮಾತು ಯಾವ ಅರ್ಥಕ್ಕೆ ಹೋಗಿತ್ತು ಎಂದು ಇಬ್ಬರಿಗೂ ಒಟ್ಟಿಗೇ ತಿಳಿದದ್ದು ಅವರ ಮುಖದಲ್ಲಿ ಕಂಡಿತು. ಗೌರೀಶ ಸರಪಳಿ ಹಿಡಿದು ನಿಂತೇ ಇದ್ದ. ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಿಂದ ಕೈಗೆ ಬದಲಿಸುತ್ತಿದ್ದ.

ಮರುದಿನ ಬಿಚ್ಚಿದರು. ಕೆಂಪಗಿದ್ದ ಎಣ್ಣೆ ಕಾಡಿಗೆಯಾಗಿ ಇಳಿಯಿತು, ಅದರಲ್ಲಿ ಕಬ್ಬಿಣದ ಚೂರು. ಉಸ್ತಾದ ಒಂದು ಚೂರನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. ಹುಬ್ಬಳ್ಳಿಯ ಗುಜರಿ ಪೂರ್ತಿ ತಿರುಗಿದ, ಬೆಳಗಾವಿಗೂ ಹೋಗಿ ಬಂದ. ಅಂಥದು ಇನ್ನೊಂದು ಇರಲಿಲ್ಲ. ಬೇರೆ ಜಾತಿಯದು ಸಿಕ್ಕರೆ ಮತ್ತೆ ಪ್ಲೇಟು, ಮತ್ತೆ ದಂಡ, ಮತ್ತೆ ಸ್ಪ್ರಿಂಗು. ಮೂರನೆಯ ತಿಂಗಳಿಗೆ ನನ್ನ ಹತ್ತಿರ ಬಂದು ಕುಳಿತ.

"ಅಕ್ಕಾ, ನನ್ನ ಕೈಲೇ ಆಗೂದಿಲ್ಲ. ಅವಗ ನೀ ಹೇಳ್ತಿಯೇನು?"

ನಾನು ಹೇಳಬೇಕಾಗಲಿಲ್ಲ. ಸಿದ್ದಪ್ಪ ತಾನೇ ಬಸ್ಸಿನಲ್ಲಿ ಬಂದ. ಗ್ಯಾರೇಜಿನೊಳಗೆ ಹೋಗಿ, ಮೊಳೆಗೆ ತೂಗಿದ್ದ ಕ್ಲಚ್ ಪೆಡಲ್ ಇಳಿಸಿ, ತನ್ನ ಅಂಗಿಯಿಂದಲೇ ಧೂಳು ಒರೆಸಿ ಉಸ್ತಾದನ ಕೈಗೆ ಕೊಟ್ಟ.

"ಹಳೇದನ್ನ ಹಾಕಿಬಿಡು. ಕುಬಿಹಾಳದ ಕಾಶಿನಾಥ ಗಾಡಿ ಕೇಳ್ಯಾನ, ಕೊಟ್ಟಬಿಡ್ತೇನಿ. ಓಡೂದರ ಓಡಲಿ."

ಹಳೆಯ ಗೇರ್ ಬಾಕ್ಸ್ ಕೂಡಿಸುವಾಗ ಉಸ್ತಾದ ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ಅದರ ಸದ್ದಿನಲ್ಲಿ ನಾನು ಕೇಳಿ ಹೇಳಬೇಕಾದ್ದೇನೂ ಇರಲಿಲ್ಲ, ಕತ್ತರಿಸಿದ ದಂಡಕ್ಕೆ ತುಂಡು ಬೆಸೆದದ್ದೊಂದು ಬಿಟ್ಟರೆ ಎಲ್ಲ ತಾನಾಗಿ ಹೊಂದಿತು.

ಈಗಲೂ ಸಂತೆಯ ದಿನ ಸಿದ್ದಪ್ಪ ಬಸ್ಸಿನಲ್ಲಿ ಬರುತ್ತಾನೆ. ಉಸ್ತಾದನ ಗ್ಯಾರೇಜಿಗೆ ಹೋಗುವುದಿಲ್ಲ. ಜಗಳವಾಗಿಲ್ಲ. ಒಬ್ಬರ ಮುಖ ಇನ್ನೊಬ್ಬರಿಗೆ ನೋಡಲು ಆಗುವುದಿಲ್ಲ, ಅಷ್ಟೆ. ತಗಡಿನ ಆಚೆ ಅವನು, ಈಚೆ ಇವನು. ಊರವರು ಕುಂಟ ಸಿದ್ದಪ್ಪ ಎಂದು ಕೂಗಿದರೆ ಓಗೊಡುತ್ತಾನೆ.

ಒಂದು ದಿನ ತಡೆಯಲಾರದೆ ಹೇಳಿದೆ. "ಸಿದ್ದಪ್ಪಾ, ಅವತ್ತ ಅಂವಾ ಅಂದದ್ದೂ ಕೇಳಿದ್ದೆ, ನೀ ಅಂದದ್ದೂ ಕೇಳಿದ್ದೆ. ನನಗರ ತಿಳೀಬೇಕಾಗಿತ್ತು. ಮ್ಯಾಲ ಫೋನಿನ್ಯಾಗ ಬಾ ಅಂತನೂ ನಾನ ಅಂದೆ."

ಅವನು ಕೈಯಲ್ಲಿದ್ದ ಬಸಿಯನ್ನು ಬೆಂಚಿನ ಮೇಲೆ ಇಟ್ಟ.

"ಹೇಳಿದಾಂವಾ ಅಂವಾ, ತಿಳಕೊಂಡಾಂವಾ ನಾ, ಕೇಳಿದಾಕಿ ನೀ. ಯಾರನ್ನ ಹಿಡದ ಬಡೀಲಿಬೇ ಯವ್ವಾ? ಬಿಡು."

ಅಷ್ಟರಲ್ಲಿ ಮೂಲೆಯ ಆಚೆ ಇಂಜಿನ್ನಿನ ಸದ್ದು ಕೇಳಿತು. ನೋಡದೆಯೇ ಇಬ್ಬರಿಗೂ ಗುರುತು ಹತ್ತಿತು. ಕಾಶಿನಾಥ ಕುಬಿಹಾಳದಿಂದ ಮೆಣಸಿನಕಾಯಿ ಹೇರಿಕೊಂಡು ಬರುತ್ತಿದ್ದ. ಚಹಾ ಬಣ್ಣ ಹೋಗಿ ಈಗ ನೀಲಿ ಹೊಡೆಸಿದ್ದಾನೆ, ಹಿಂದಿನ ಬರಹವೂ ಅದರ ಕೆಳಗೆ ಹೋಗಿದೆ. ಪಿಕಪ್ ಮೂಲೆ ತಿರುಗಿ ಏರು ಹತ್ತತೊಡಗಿತು. ಬೆಂಚಿನ ಕೆಳಗೆ ಸಿದ್ದಪ್ಪನ ಪ್ಲಾಸ್ಟಿಕ್ ಕಾಲು ಮೆಲ್ಲಗೆ ನೆಲಕ್ಕೆ ಒತ್ತಿತು. ಒತ್ತಿ ಹಿಡಿಯಿತು. ಎಷ್ಟೋ ಹೊತ್ತಿನ ಮೇಲೆ ರಸ್ತೆಯಲ್ಲಿ ಗೇರು ಕರ್ ಎಂದು ಬದಲಾಯಿತು.

"ತಡಾ ಮಾಡ್ತಾನ" ಎಂದ ಸಿದ್ದಪ್ಪ. "ಪ್ಲೇಟ್ ಸುಡತಾನ ಮಗಾ."

"ಚಹಾ ಆರೇತಿ. ಬ್ಯಾರೆ ಕೊಡ್ಲ್ಯಾ?" ಎಂದೆ.

ಬೇಡ ಎಂದು ಕೈ ಆಡಿಸಿದ. ಗಾಡಿ ಕಾಣದಾದ ಮೇಲೂ ಆ ಕಾಲನ್ನು ನೆಲದಿಂದ ಎತ್ತಿರಲಿಲ್ಲ.